ಆಫ್ರಿಕಾದ ಹಳ್ಳಿಯಲ್ಲಿ ಸ್ವಯಂಸೇವಕರ ದಿನಗಳು



"ಸಿಸ್ಟರ್, ಹೊರದೇಶದವರು ಆಫ್ರಿಕಾದ ಹಳ್ಳಿಗೆ ಹೋಗಿ ವರ್ಷಗಟ್ಟಲೆ ಇದ್ದು ಸೇವೆ ಮಾಡ್ತಾರಂತೆ. ಅಲ್ಲಿ ಅವರು ದಿನಾ ಏನು ಮಾಡ್ತಾರೆ?" ಎಂಬ ಪ್ರಶ್ನೆ ಸಂಘದ ಸಭೆಗಳಲ್ಲಿ ಆಗಾಗ ಬರುತ್ತದೆ. ಟಿ.ವಿ.ಯಲ್ಲಿ ನೋಡುವ ಆಫ್ರಿಕಾ ಎಂದರೆ ಸಿಂಹ, ಜಿರಾಫೆ, ಇಲ್ಲವೇ ಹಸಿದ ಮಗುವಿನ ಫೋಟೋ. ಆದರೆ ಆಫ್ರಿಕಾ ಒಂದು ದೇಶವಲ್ಲ. ಅದರಲ್ಲಿ 54 ದೇಶಗಳಿವೆ. ಒಂದರ ಹಾಗೆ ಇನ್ನೊಂದಿಲ್ಲ. ಆದ್ದರಿಂದ ಒಂದೇ ಒಂದು ದೇಶವನ್ನು, ಅದರ ಹಳ್ಳಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನಾವು ಮಲಾವಿ ದೇಶವನ್ನು ಆರಿಸಿಕೊಂಡಿದ್ದೇವೆ. ಯಾಕೆಂದರೆ ಅಲ್ಲಿನ ಹಳ್ಳಿಯ ಹೆಂಗಸರೂ ನಿಮ್ಮ ಹಾಗೆ ವಾರಕ್ಕೊಮ್ಮೆ ಕುಳಿತು ದುಡ್ಡು ಕೂಡಿಸುತ್ತಾರೆ. ಅದರ ಕಥೆಯನ್ನೂ ಮುಂದೆ ಹೇಳಲಿಕ್ಕಿದೆ.

ಮಲಾವಿ ಆಫ್ರಿಕಾದ ಆಗ್ನೇಯ ಭಾಗದಲ್ಲಿರುವ ಸಣ್ಣ ದೇಶ. ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಸಮುದ್ರ ಇಲ್ಲ, ಆದರೆ ಸುಮಾರು 580 ಕಿಲೋಮೀಟರ್ ಉದ್ದದ ದೊಡ್ಡ ಸರೋವರ ಇದೆ. 1964ರ ಜುಲೈ 6ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. 2018ರ ಜನಗಣತಿಯಲ್ಲಿ ಸುಮಾರು ಒಂದು ಮುಕ್ಕಾಲು ಕೋಟಿ ಜನ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಹಳ್ಳಿಯಲ್ಲೇ ಇರುವವರು, ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುವವರು.

ಯಾರು ಈ ಸ್ವಯಂಸೇವಕರು?

ಬೇರೆ ಬೇರೆ ದೇಶಗಳಿಂದ ಬರುತ್ತಾರೆ. ಇಂಗ್ಲೆಂಡಿನ ವಿ.ಎಸ್.ಒ. ಸಂಸ್ಥೆ 1958ರಲ್ಲಿ ಶುರುವಾಯಿತು. ಅಮೆರಿಕದ ಪೀಸ್ ಕೋರ್ 1961ರಲ್ಲಿ ಅಧ್ಯಕ್ಷ ಕೆನಡಿಯವರ ಕಾಲದಲ್ಲಿ ಶುರುವಾಗಿ, ಮಲಾವಿಗೆ ಅದರ ಮೊದಲ ತಂಡ 1963ರಲ್ಲಿ ಬಂತು. ಜಪಾನಿನವರೂ ಬಹಳ ಮಂದಿ ಬಂದಿದ್ದಾರೆ. ಪೀಸ್ ಕೋರಿನವರು ನಮ್ಮ ದೇಶಕ್ಕೂ 1961ರಿಂದ 1976ರವರೆಗೆ ಬಂದಿದ್ದರು, ಆಗಿನ ಮೈಸೂರು ರಾಜ್ಯದಲ್ಲೂ ಇದ್ದರು. ಕೋಳಿ ಸಾಕಣೆ ಅವರ ಕೆಲಸಗಳಲ್ಲಿ ಒಂದು. ಹಳಬರಿಗೆ ನೆನಪಿರಬಹುದು.

ಪೀಸ್ ಕೋರಿನ ಅವಧಿ 27 ತಿಂಗಳು. ಮೊದಲ ಮೂರು ತಿಂಗಳು ತರಬೇತಿ, ಆಮೇಲೆ ಎರಡು ವರ್ಷ ಹಳ್ಳಿಯಲ್ಲಿ ವಾಸ. ಸಂಬಳ ಎಂದು ಇಲ್ಲ. ಊರಿನವರ ಹಾಗೆ ಬದುಕಲು ಸಾಕಾಗುವಷ್ಟು ಖರ್ಚಿನ ಹಣ ಅಲ್ಲಿನ ನಾಣ್ಯದಲ್ಲೇ ಕೊಡುತ್ತಾರೆ. ಬರುವವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿದ ಇಪ್ಪತ್ತು ಇಪ್ಪತ್ತೈದರ ಹುಡುಗ ಹುಡುಗಿಯರು. ನಿವೃತ್ತರಾದ ಮೇಲೆ ಬರುವವರೂ ಇದ್ದಾರೆ.

ತರಬೇತಿಯ ದಿನಗಳಲ್ಲಿ ಅವರನ್ನು ಹೋಟೆಲಿನಲ್ಲಿ ಇಡುವುದಿಲ್ಲ, ಒಂದು ಹಳ್ಳಿಯ ಮನೆಯಲ್ಲಿ ಇಡುತ್ತಾರೆ. ಆ ಮನೆಯ ಯಜಮಾನಿಯೇ ಅವರಿಗೆ 'ಅಮಾಯಿ', ಅಂದರೆ ಅಮ್ಮ. ಚಿಚೆವಾ ಭಾಷೆ ಕಲಿಯುವುದು, ಬಕೆಟ್ ನೀರಿನಲ್ಲಿ ಸ್ನಾನ ಮಾಡುವುದು, ಕೈಯಲ್ಲಿ ಬಟ್ಟೆ ಒಗೆಯುವುದು, ಮೂರು ಕಲ್ಲಿನ ಒಲೆಗೆ ಬೆಂಕಿ ಹಚ್ಚುವುದು, ಇದೆಲ್ಲ ಅಮಾಯಿ ಹೇಳಿಕೊಡುತ್ತಾಳೆ. ಡಿಗ್ರಿ ಮಾಡಿ ಸೇವೆ ಮಾಡಲು ಬಂದವಳಿಗೆ, ಶಾಲೆಗೆ ಹೋಗದ ಹೆಂಗಸು ಮಗುವಿಗೆ ಕಲಿಸಿದ ಹಾಗೆ ಕಲಿಸುತ್ತಾಳೆ! ಸಮಾಜಕಾರ್ಯದ ಪಾಠದಲ್ಲಿ ನಮಗೆ ಕಲಿಸಿದ ಎಷ್ಟೋ ಸಂಗತಿಗಳಿಗಿಂತ ಈ ಮೂರು ತಿಂಗಳು ದೊಡ್ಡ ಪಾಠ ಎಂದು ನಮ್ಮ ಅನಿಸಿಕೆ.

ಬೆಳಗ್ಗೆ ಅಂಗಳ, ಆಮೇಲೆ ನೀರು

ಮನೆ ಎಂದರೆ ಸುಟ್ಟ ಇಟ್ಟಿಗೆಯ ಗೋಡೆ, ತಗಡಿನ ಅಥವಾ ಹುಲ್ಲಿನ ಮಾಡು. ಶೌಚಕ್ಕೆ ಸ್ವಲ್ಪ ದೂರದಲ್ಲಿ ಗುಂಡಿಯ ಕಕ್ಕಸು. ಸ್ನಾನಕ್ಕೆ ಹುಲ್ಲಿನ ತಟ್ಟಿ ಕಟ್ಟಿದ, ಮೇಲೆ ಆಕಾಶವೇ ಇರುವ ಮರೆ. ಹಳ್ಳಿಯ ಬಹುಪಾಲು ಮನೆಗಳಿಗೆ ಕರೆಂಟ್ ಇಲ್ಲ. ಕತ್ತಲಾದ ಮೇಲೆ ಸೋಲಾರ್ ದೀಪ, ಮೊದಲೆಲ್ಲ ಸೀಮೆಎಣ್ಣೆ ಬುಡ್ಡಿ, ಮೇಣದ ಬತ್ತಿ. ಆದ್ದರಿಂದ ರಾತ್ರಿ ಎಂಟಕ್ಕೆ ಮಲಗಿ, ಕೋಳಿ ಕೂಗುವಾಗ ಏಳುವುದು. ಮಲೇರಿಯಾ ಜಾಸ್ತಿ ಇರುವ ಊರಾದ್ದರಿಂದ ಸೊಳ್ಳೆಪರದೆ ಕಡ್ಡಾಯ, ಸ್ವಯಂಸೇವಕರು ತಪ್ಪದೆ ಮಾತ್ರೆಯನ್ನೂ ನುಂಗಬೇಕು. ಮಕ್ಕಳ ಮಲೇರಿಯಾ ಲಸಿಕೆಯನ್ನು 2019ರ ಏಪ್ರಿಲ್‌ನಲ್ಲಿ ಮೊಟ್ಟಮೊದಲು ಪ್ರಾಯೋಗಿಕವಾಗಿ ಕೊಡಲು ಶುರು ಮಾಡಿದ್ದು ಈ ಮಲಾವಿಯಲ್ಲೇ.

ಬೆಳಗಿನ ಮೊದಲ ಕೆಲಸ ಅಂಗಳ ಗುಡಿಸುವುದು. ನಮ್ಮಲ್ಲಿ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡದ ಮನೆಯ ಬಗ್ಗೆ ನೆರೆಯವರು ಏನು ಹೇಳ್ತಾರೋ, ಅಲ್ಲಿಯೂ ಗುಡಿಸದ ಅಂಗಳದ ಬಗ್ಗೆ ಅದನ್ನೇ ಹೇಳ್ತಾರೆ. ಹೊರದೇಶದ ಹುಡುಗಿ ತಡವಾಗಿ ಎದ್ದರೆ ಪಕ್ಕದ ಮನೆಯ ಮಕ್ಕಳು ಬಂದು ಗುಡಿಸಿ ಹೋಗುವುದೂ ಉಂಟು. ಅವಳ ಮೇಲಿನ ಪ್ರೀತಿಯೋ, ನಮ್ಮ ಓಣಿಯ ಮಾನ ಹೋಗಬಾರದು ಅಂತಲೋ, ಎರಡೂ ಇರಬಹುದು.

ಆಮೇಲೆ ನೀರು. ಬೋರ್‌ವೆಲ್ ಪಂಪಿನ ಹತ್ತಿರ ಬಕೆಟ್‌ಗಳ ಸಾಲು. ಇಪ್ಪತ್ತು ಲೀಟರ್ ಬಕೆಟನ್ನು ಅಲ್ಲಿನ ಹೆಂಗಸರು ತಲೆ ಮೇಲೆ ಇಟ್ಟು, ಬೆನ್ನಿಗೆ ಮಗು ಕಟ್ಟಿಕೊಂಡು, ಕೈ ಬಿಟ್ಟು ನಡೆದು ಹೋಗುತ್ತಾರೆ. ಹೊಸಬಳು ಅರ್ಧ ಬಕೆಟ್ ಹೊತ್ತರೂ ಮನೆ ತಲುಪುವಾಗ ಮೈಯೆಲ್ಲ ಒದ್ದೆ. ಎಲ್ಲರೂ ನಗುತ್ತಾರೆ, ಅವಳೂ ನಗಬೇಕು. ನಗಲು ಬಾರದವರಿಗೆ ಹಳ್ಳಿಯ ಸೇವೆ ಕಷ್ಟ.

ಈ ಪಂಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿಗಳಲ್ಲಿರುವ 'ಇಂಡಿಯಾ ಮಾರ್ಕ್ 2' ಕೈಪಂಪು ಆಫ್ರಿಕಾದ ಹಲವು ಕಡೆ ಹೋಗಿದೆ. ಗಟ್ಟಿ ಪಂಪು, ನಿಜ. ಆದರೆ ಕೆಳಗೆ ಕೆಟ್ಟರೆ ಭಾರದ ಪೈಪುಗಳನ್ನು ಮೇಲೆತ್ತಲು ಮೆಕ್ಯಾನಿಕ್ ಮತ್ತು ಅವನ ಸಾಮಾನು ಬರಬೇಕು. ಅವನು ಬರುವ ತನಕ ಹೆಂಗಸರು ಹೊಳೆಗೆ ಹೋಗಬೇಕು. 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾದಲ್ಲಿ ಬೇರೊಂದು ರೀತಿಯ ಪಂಪನ್ನು ರೂಪಿಸಿದರು. ಅದರ ಹೆಸರು 'ಆಫ್ರಿಡೆವ್'. ಪ್ಲಾಸ್ಟಿಕ್ ಪೈಪು, ಹಗುರ ಭಾಗಗಳು. ಒಂದೇ ಒಂದು ಸ್ಪ್ಯಾನರ್ ಇದ್ದರೆ ಊರಿನ ಹೆಂಗಸರೇ ಬಿಚ್ಚಿ, ಸವೆದ ವಾಷರ್ ಬದಲಿಸಿ ಜೋಡಿಸಬಹುದು. ಸ್ವಯಂಸೇವಕಿಯ ಕೆಲಸ ಪಂಪು ರಿಪೇರಿ ಮಾಡುವುದಲ್ಲ. ನೀರಿನ ಸಮಿತಿ ಕೂರುವಂತೆ, ಪ್ರತಿ ಮನೆಯಿಂದ ಸ್ವಲ್ಪ ಸ್ವಲ್ಪ ದುಡ್ಡು ಸೇರುವಂತೆ, ವಾಷರ್ ಮೊದಲೇ ತಂದಿಡುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಸ್ಪ್ಯಾನರ್ ಯಾರ ಮನೆಯಲ್ಲಿದೆ ಎಂದು ಕೇಳಿದರೆ ಆ ಊರಿನ ಪಂಪು ಎಷ್ಟು ಕಾಲ ಬಾಳುತ್ತದೆ ಎಂದು ಹೇಳಿಬಿಡಬಹುದು.

ಅವರ ಮುದ್ದೆ

ಊಟದ ವಿಷಯ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಅಲ್ಲಿನ ಮುಖ್ಯ ಊಟ 'ನ್ಸಿಮಾ'. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಉದ್ದನೆಯ ಮರದ ಕೋಲಿನಿಂದ ತೊಳಸಿ ತೊಳಸಿ ಗಟ್ಟಿ ಮಾಡುವುದು. ನಮ್ಮ ಬಯಲುಸೀಮೆಯ ರಾಗಿ ಮುದ್ದೆಯೇ, ಬಣ್ಣ ಮಾತ್ರ ಬಿಳಿ. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಪಲ್ಯದಲ್ಲಿ ಅದ್ದಿ ತಿನ್ನುತ್ತಾರೆ. ಜೊತೆಗೆ ಕುಂಬಳ ಸೊಪ್ಪು, ದಂಟಿನ ಸೊಪ್ಪು, ಬೀನ್ಸ್ ಕಾಳು, ಕೆಲವೊಮ್ಮೆ ಸರೋವರದ ಸಣ್ಣ ಒಣಮೀನು. ಸೊಪ್ಪಿಗೆ ಶೇಂಗಾ ಪುಡಿ ಹಾಕುವುದುಂಟು, ಅದು ಬಲು ರುಚಿ ಅಂತಾರೆ. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದ ಧಾನ್ಯ ಅದು. ಅವರು ಈಗ ಹೆಚ್ಚಾಗಿ ತಿನ್ನುವ ಮೆಕ್ಕೆಜೋಳ ಅಮೆರಿಕ ಖಂಡದಿಂದ ಬಂದದ್ದು. ನಮ್ಮ ಮುದ್ದೆ ಅವರದು, ಅವರ ಮುದ್ದೆ ಬೇರೆಯವರದು!

ಮೆಕ್ಕೆಜೋಳವನ್ನು ಒರಳಲ್ಲಿ ಕುಟ್ಟಿ ತೌಡು ತೆಗೆದು, ನೆನೆಸಿ, ಒಣಗಿಸಿ, ಗಿರಣಿಗೆ ಹೊತ್ತು ಬೀಸಿಸಿ ಬಿಳಿ ಹಿಟ್ಟು ಮಾಡುತ್ತಾರೆ. ಇಷ್ಟು ಕಷ್ಟಪಟ್ಟು ಸತ್ವವನ್ನೆಲ್ಲ ತೆಗೆದುಬಿಡುವುದು. ನಾವು ಪಾಲಿಶ್ ಅಕ್ಕಿ ತಿನ್ನುವ ಹಾಗೆಯೇ. ಇಡೀ ಕಾಳಿನ ಹಿಟ್ಟು ಒಳ್ಳೆಯದು ಎಂದು ಆರೋಗ್ಯದ ಸ್ವಯಂಸೇವಕಿ ಹೇಳಿದರೆ, ಹೆಂಗಸರು ಹೂಂ ಅನ್ನುತ್ತಾರೆ, ನೆಂಟರು ಬಂದರೆ ಬಿಳಿ ಹಿಟ್ಟನ್ನೇ ಮಾಡುತ್ತಾರೆ. ಬಣ್ಣದ ನ್ಸಿಮಾ ಬಡವರ ಊಟ ಎಂಬ ಭಾವನೆ. ಇಂಥ ಭಾವನೆಯನ್ನು ಒಂದು ಭಾಷಣದಿಂದ ತೆಗೆಯಲಾಗುವುದಿಲ್ಲ ಎಂಬುದು ನಿಮಗೆ ಗೊತ್ತಲ್ಲ.

ಮಾತಾಡಿಸದೆ ಹೋಗುವ ಹಾಗಿಲ್ಲ

ಶಾಲೆಗೆ ಅರ್ಧ ಗಂಟೆಯ ದಾರಿ ಇದ್ದರೆ ಸ್ವಯಂಸೇವಕಿ ಒಂದು ಗಂಟೆ ಮೊದಲೇ ಹೊರಡಬೇಕು. ದಾರಿಯಲ್ಲಿ ಸಿಕ್ಕವರನ್ನೆಲ್ಲ "ಮುಲಿ ಬ್ವಾಂಜಿ?" ಅಂದರೆ "ಹೇಗಿದ್ದೀರಿ?" ಎಂದು ಕೇಳಬೇಕು. ಅವರು ಉತ್ತರ ಹೇಳಿ ತಿರುಗಿ ಕೇಳುತ್ತಾರೆ, ನಿಂತು ಉತ್ತರ ಕೊಡಬೇಕು. ಹಿರಿಯರ ಎದುರು ಹೆಂಗಸರು ಮೊಣಕಾಲೂರಿ ಮಾತಾಡಿಸುವ ರೂಢಿ. ಯಾರ ಮನೆಗೆ ಹೋದರೂ ಹೊರಗೆ ನಿಂತು "ಓದಿ!" ಎಂದು ಕೂಗಿ ಅಪ್ಪಣೆ ಸಿಕ್ಕ ಮೇಲೆ ಒಳಗೆ ಹೋಗಬೇಕು. ಕೈಗಡಿಯಾರ ನೋಡಿಕೊಂಡು ಓಡಾಡುವ ದೇಶದಿಂದ ಬಂದವರಿಗೆ ಮೊದಲ ತಿಂಗಳು ಇದು ಸಮಯ ಹಾಳು ಎನಿಸುತ್ತದಂತೆ. ಆದರೆ ದಾರಿಯ ಆ ಮಾತುಕತೆಯಲ್ಲೇ ಯಾರ ಮಗು ಶಾಲೆ ಬಿಟ್ಟಿತು, ಯಾರ ಮನೆಯಲ್ಲಿ ಜೋಳ ಮುಗಿಯಿತು ಎಂಬುದು ತಿಳಿಯುವುದು. ಸಭೆ ಕರೆದು ಕೇಳಿದರೆ ಯಾರೂ ಹೇಳುವುದಿಲ್ಲ.

ಹೆಂಗಸರ ಉಡುಪು 'ಚಿತೆಂಜೆ', ಎರಡು ಗಜದ ಹೂವಿನ ಬಟ್ಟೆ. ಸೊಂಟಕ್ಕೆ ಸುತ್ತಿಕೊಳ್ಳಲು, ಮಗುವನ್ನು ಬೆನ್ನಿಗೆ ಕಟ್ಟಲು, ತಲೆಗೆ ಸಿಂಬೆ ಮಾಡಲು, ಹಾಸಲು ಎಲ್ಲದಕ್ಕೂ ಅದೇ. ನಮ್ಮ ಹಳೆ ಸೀರೆಯ ಹಾಗೆ. 1990ರ ದಶಕದ ಆರಂಭದವರೆಗೆ ಅಲ್ಲಿ ಹೆಂಗಸರು ಪ್ಯಾಂಟ್ ಹಾಕುವುದನ್ನು ಕಾನೂನೇ ತಡೆದಿತ್ತು. ಈಗ ಕಾನೂನು ಇಲ್ಲ. ಆದರೂ ಹಳ್ಳಿಯಲ್ಲಿರುವ ಸ್ವಯಂಸೇವಕಿಯರು ಚಿತೆಂಜೆ ಸುತ್ತಿಕೊಂಡೇ ಹೊರಗೆ ಬರುತ್ತಾರೆ.

ಚೆವಾ ಜನರಲ್ಲಿ ಹೊಲ ತಾಯಿಯಿಂದ ಮಗಳಿಗೆ ಬರುತ್ತದೆ, ಮದುವೆಯಾದ ಗಂಡು ಹೆಂಡತಿಯ ಊರಿಗೆ ಬಂದು ನೆಲೆಸುವುದು ಹಳೆಯ ಪದ್ಧತಿ. ಕರಾವಳಿಯ ಸಹೋದರಿಯರಿಗೆ ಅಳಿಯಸಂತಾನ ಕಟ್ಟು ನೆನಪಾಗಬಹುದು. ಹಾಗಾದರೆ ಅಲ್ಲಿ ಹೆಂಗಸಿನದೇ ರಾಜ್ಯವೋ ಎಂದರೆ ಅದೂ ಇಲ್ಲ. ಮಾತು ನಡೆಯುವುದು ಸೋದರಮಾವನದು! ಹೆಸರು ಹೆಂಗಸಿನದು, ತೀರ್ಮಾನ ಗಂಡಸಿನದು. ಇದು ನಮಗೂ ಹೊಸತಲ್ಲ.

ಹಸಿವಿನ ತಿಂಗಳುಗಳು

ಅಲ್ಲಿ ಕಾಲ ನಮ್ಮದಕ್ಕೆ ತಿರುಗಾ ಮುರುಗಾ. ಜೂನ್ ಜುಲೈ ಚಳಿ, ಅಕ್ಟೋಬರಿನಲ್ಲಿ ಸುಡು ಬಿಸಿಲು, ನವೆಂಬರ್ ಡಿಸೆಂಬರಿನಲ್ಲಿ ಮಳೆ. ಗುದ್ದಲಿಯಲ್ಲಿ ಬದು ಎಳೆದು ಬಿತ್ತುತ್ತಾರೆ, ಕೊಯ್ಲು ಏಪ್ರಿಲ್ ಮೇ. ಕಳೆದ ವರ್ಷದ ಜೋಳ ಖಾಲಿಯಾಗಿ ಹೊಸ ಜೋಳ ಬಾರದ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳು ಹಸಿವಿನ ಕಾಲ. ದಿನಕ್ಕೆ ಒಂದೇ ಊಟ ಮಾಡುವ ಮನೆಗಳು ಬಹಳ. ತೀರಾ ಕೆಟ್ಟ ವರ್ಷ ಬಂದರೆ ಬಿಸಾಡಬೇಕಾದ ತೌಡನ್ನೇ ಬೇಯಿಸಿ ತಿನ್ನುತ್ತಾರೆ. 2002ರಲ್ಲಿ ಅಂಥ ಬರ ಬಂದಿತ್ತು. 2023ರ ಮಾರ್ಚ್‌ನಲ್ಲಿ 'ಫ್ರೆಡ್ಡಿ' ಚಂಡಮಾರುತ ದಕ್ಷಿಣ ಮಲಾವಿಯನ್ನು ಕೊಚ್ಚಿಕೊಂಡು ಹೋಯಿತು, ಸತ್ತವರು ಮತ್ತು ಕಾಣೆಯಾದವರು ಸೇರಿ ಸಾವಿರಕ್ಕೂ ಹೆಚ್ಚು. ಮರುವರ್ಷವೇ ಮಳೆ ಕೈಕೊಟ್ಟು 2024ರ ಮಾರ್ಚ್‌ನಲ್ಲಿ ದೇಶದ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಘೋಷಿಸಬೇಕಾಯಿತು.

ಈ ತಿಂಗಳುಗಳಲ್ಲಿ ಬಡವರು 'ಗಾನ್ಯು' ಮಾಡುತ್ತಾರೆ. ಅಂದರೆ ಇದ್ದವರ ಹೊಲದಲ್ಲಿ ಆ ದಿನದ ಹಿಟ್ಟಿಗಾಗಿ ಕೂಲಿ. ಕಳೆ ಕೀಳಬೇಕಾದ ಸಮಯದಲ್ಲಿ ತನ್ನ ಹೊಲ ಬಿಟ್ಟು ಬೇರೆಯವರ ಹೊಲದ ಕಳೆ ಕಿತ್ತರೆ ಮುಂದಿನ ಬೆಳೆ ಅರ್ಧಕ್ಕೆ ಬರುತ್ತದೆ. ಮುಂದಿನ ವರ್ಷ ಮತ್ತೆ ಅದೇ ಹಸಿವು, ಮತ್ತೆ ಗಾನ್ಯು. ಸಹೋದರಿಯರೇ, ಅವರನ್ನು ಸೋಮಾರಿಗಳು ಎನ್ನುವವರು ಈ ಸುತ್ತನ್ನು ನೋಡಿಲ್ಲ. ಇದು ಬಡ್ಡಿ ಸಾಲದ ಸುತ್ತಿನ ಹಾಗೆಯೇ. ಕೈಯಲ್ಲಿ ಸಮಯಕ್ಕೆ ಸರಿಯಾಗಿ ಸ್ವಲ್ಪ ದುಡ್ಡು ಇಲ್ಲದ್ದರಿಂದ ಬರುವ ಬಡತನ.

ಸ್ವಯಂಸೇವಕರಿಗೆ ಅತಿ ಕಷ್ಟದ ಕಾಲವೂ ಇದೇ. ಅವರ ಮನೆಯಲ್ಲಿ ಹಿಟ್ಟಿದೆ, ಎಣ್ಣೆಯಿದೆ. ಪಕ್ಕದ ಮನೆಯ ಒಲೆ ಉರಿಯುತ್ತಿಲ್ಲ. ಒಬ್ಬರಿಗೆ ಕೊಟ್ಟರೆ ನಾಳೆ ಬಾಗಿಲಲ್ಲಿ ಇಪ್ಪತ್ತು ಮಂದಿ, ಕೊಡದಿದ್ದರೆ ತುತ್ತು ಇಳಿಯುವುದಿಲ್ಲ. ಇದಕ್ಕೆ ಸರಿಯಾದ ಉತ್ತರ ಯಾವ ತರಬೇತಿಯಲ್ಲೂ ಇಲ್ಲ. ಕೆಲವರು ಮಕ್ಕಳಿಗೆ ಮಾತ್ರ ಕೊಡುತ್ತಾರೆ, ಕೆಲವರು ಅಮಾಯಿಯ ಮನೆಗೆ ಹಿಟ್ಟು ಕೊಟ್ಟು ಅಲ್ಲೇ ಊಟ ಮಾಡುತ್ತಾರೆ. ಬಾಗಿಲು ಹಾಕಿಕೊಂಡು ಉಣ್ಣುವವರೂ ಇದ್ದಾರೆ. ಅವರನ್ನು ತೀರ್ಪು ಮಾಡಲು ನಮಗೆ ಮನಸ್ಸು ಬರುವುದಿಲ್ಲ.

ಸಾವಿನ ಮನೆ

ಊರಲ್ಲಿ ಯಾರಾದರೂ ಸತ್ತರೆ ಆ ದಿನದ ಎಲ್ಲ ಕಾರ್ಯಕ್ರಮ ರದ್ದು. ಹೊಲದ ಕೆಲಸ ಇಲ್ಲ, ಸಭೆ ಇಲ್ಲ. ಹೆಂಗಸರು ಜೋಳದ ಹಿಟ್ಟು, ಸೌದೆ ಹಿಡಿದುಕೊಂಡು ಹೋಗಿ ಒಳಗೆ ಶವದ ಹತ್ತಿರ ಕೂರುತ್ತಾರೆ, ಹಾಡುತ್ತಾರೆ. ಗಂಡಸರು ಹೊರಗೆ. ತಿಂಗಳಿಂದ ತಯಾರಿ ಮಾಡಿದ ತರಬೇತಿ ನಿಂತುಹೋಯಿತು ಎಂದು ಸ್ವಯಂಸೇವಕಿ ಬೇಸರಪಟ್ಟರೆ ಅವಳಿಗೆ ಇನ್ನೂ ಊರು ಅರ್ಥವಾಗಿಲ್ಲ ಎಂದೇ ಅರ್ಥ. ಅವಳೂ ಹಿಟ್ಟು ಹಿಡಿದುಕೊಂಡು ಹೋಗಿ ಚಾಪೆಯ ಮೇಲೆ ಕುಳಿತರೆ, ಮಾತಾಡದಿದ್ದರೂ ಪರವಾಗಿಲ್ಲ, ಆ ದಿನದಿಂದ ಅವಳು ಊರಿನವಳು.

ಏಡ್ಸ್ ಹೆಚ್ಚಾಗಿದ್ದ 1990ರ ದಶಕದಲ್ಲಿ, 2000ದ ಆರಂಭದಲ್ಲಿ ಇಂಥ ದಿನಗಳು ಮತ್ತೆ ಮತ್ತೆ ಬರುತ್ತಿದ್ದವು. ತಂದೆ ತಾಯಿ ಇಲ್ಲದ ಮಕ್ಕಳನ್ನು ಅಜ್ಜಿಯರೇ ಸಾಕಿದರು. 2004ರಿಂದ ಸರಕಾರ ಎಚ್.ಐ.ವಿ. ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. 2011ರಲ್ಲಿ ಮಲಾವಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಚ್.ಐ.ವಿ. ಇರುವ ಪ್ರತಿ ಗರ್ಭಿಣಿಗೂ, ಬೇರೆ ಪರೀಕ್ಷೆಗೆ ಕಾಯದೆ, ಜೀವನಪೂರ್ತಿ ಮಾತ್ರೆ ಶುರು ಮಾಡುವ ಕ್ರಮವನ್ನು ಲೋಕದಲ್ಲೇ ಮೊದಲು ತಂದ ದೇಶ ಅದು. ಆಮೇಲೆ ಬೇರೆ ದೇಶಗಳು ಕಲಿತವು. ಬಡ ದೇಶದಿಂದ ಕಲಿಯಲು ಏನಿದೆ ಎನ್ನುವವರಿಗೆ ನಾವು ಈ ಉದಾಹರಣೆ ಕೊಡುತ್ತೇವೆ. ಮನೆ ಮನೆಗೆ ಹೋಗಿ ಮಾತ್ರೆ ತಪ್ಪಿಸಬೇಡಿ ಎಂದು ಹೇಳುವ ಕೆಲಸ ಅಲ್ಲಿನ ಆರೋಗ್ಯ ಕಾರ್ಯಕರ್ತರದು, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಹೊರದೇಶದ ಸ್ವಯಂಸೇವಕರು ಸೈಕಲ್ ಏರಿ ಅವರ ಹಿಂದೆ ಹೋಗುವವರು ಅಷ್ಟೆ.

ಶಾಲೆಯ ಕೆಲಸ ಮಾಡುವವರೂ ಬಹಳ. 1994ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದಾಗ ಮಕ್ಕಳ ಸಂಖ್ಯೆ ಒಂದೇ ಸಲಕ್ಕೆ ಸುಮಾರು 19 ಲಕ್ಷದಿಂದ 29 ಲಕ್ಷಕ್ಕೆ ಏರಿತು. ಕೋಣೆ ಇಲ್ಲ, ಶಿಕ್ಷಕರಿಲ್ಲ. ನೂರು ಮಕ್ಕಳ ತರಗತಿ ಮರದ ಕೆಳಗೆ ನಡೆಯುವುದು ಮಾಮೂಲಾಯಿತು. ಭಾನುವಾರ ಕೆಥೊಲಿಕ ಊರುಗಳಲ್ಲಿ ಪ್ರಾರ್ಥನೆ. ಗುರುಗಳು ಪ್ರತಿ ವಾರ ಬರಲಾಗುವುದಿಲ್ಲ, ಊರಿನ ಉಪದೇಶಿಯೇ ನಡೆಸುತ್ತಾರೆ. ಡೋಲು, ಕುಣಿತ, ಕಾಣಿಕೆಯಾಗಿ ಜೋಳ, ಕೋಳಿ. ನಮ್ಮ ಸಮಾಜ ಸೇವಾ ಸಂಸ್ಥೆಯ ಹಾಗೆ ಅಲ್ಲಿನ ಧರ್ಮಸಭೆಗೂ 'ಕಾಡೆಕಾಮ್' ಎಂಬ ಅಭಿವೃದ್ಧಿ ಸಂಸ್ಥೆ ಇದೆ, ಬರದ ವರ್ಷಗಳಲ್ಲಿ ಅದರ ಕೆಲಸ ದೊಡ್ಡದು.

ಜಗಲಿ ಬ್ಯಾಂಕು

ಈಗ ಮೊದಲೇ ಹೇಳಿದ ವಿಷಯಕ್ಕೆ ಬರೋಣ. ಮಲಾವಿಯ ಹಳ್ಳಿಯಲ್ಲಿ 'ಬ್ಯಾಂಕ್ ಖೊಂಡೆ' ಎಂದರೆ ಎಲ್ಲರಿಗೂ ಗೊತ್ತು. ಖೊಂಡೆ ಎಂದರೆ ಜಗಲಿ. ಜಗಲಿಯ ಮೇಲೆ ಕುಳಿತು ನಡೆಸುವ ಬ್ಯಾಂಕು! ಈ ಪದ್ಧತಿ ಶುರುವಾದದ್ದು 1991ರಲ್ಲಿ, ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಮರಾಡಿ ಎಂಬಲ್ಲಿ, ಕೇರ್ ಸಂಸ್ಥೆಯ ಸಹಾಯದಿಂದ. ನಮ್ಮಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದ್ದು 1992ರಲ್ಲಿ. ಎರಡೂ ಒಂದೇ ಕಾಲದ ಕೂಸುಗಳು.

ಹದಿನೈದರಿಂದ ಇಪ್ಪತ್ತೈದು ಮಂದಿ ಒಂದು ಗುಂಪು. ವಾರಕ್ಕೊಮ್ಮೆ ಸಭೆ. ಪ್ರತಿಯೊಬ್ಬರೂ ಒಂದರಿಂದ ಐದು ಪಾಲಿನ ತನಕ ಕೊಳ್ಳಬಹುದು. ಪಾಲು ಕೊಂಡಷ್ಟು ಮುದ್ರೆಯನ್ನು ಪಾಸ್‌ಬುಕ್ಕಿನಲ್ಲಿ ಒತ್ತುತ್ತಾರೆ. ಓದು ಬಾರದವರೂ ಮುದ್ರೆ ಎಣಿಸಿ ತಮ್ಮ ದುಡ್ಡು ತಿಳಿಯಬಹುದು. ಕಾಯಿಲೆ, ಸಾವಿಗೆ ಬೇರೆ ಒಂದು ಸಣ್ಣ ನಿಧಿ. ತನ್ನ ಉಳಿತಾಯದ ಮೂರು ಪಟ್ಟಿನ ತನಕ ಸಾಲ. ವರ್ಷಕ್ಕೊಮ್ಮೆ ಎಲ್ಲ ಸಾಲ ವಾಪಸು ಬಂದ ಮೇಲೆ ಪೆಟ್ಟಿಗೆ ಖಾಲಿ ಮಾಡಿ, ಪಾಲಿಗೆ ತಕ್ಕ ಹಾಗೆ ಬಡ್ಡಿ ಸಮೇತ ಹಂಚಿಕೊಳ್ಳುತ್ತಾರೆ. ಬಿತ್ತನೆಗೆ ಮುಂಚೆ ಹಂಚಿಕೊಂಡ ಗುಂಪಿನವರಿಗೆ ಬೀಜ, ಗೊಬ್ಬರಕ್ಕೆ ದುಡ್ಡು ಸಿಕ್ಕಿತು. ಅವರು ಆ ವರ್ಷ ಗಾನ್ಯುವಿಗೆ ಹೋಗುವ ದಿನಗಳು ಕಡಿಮೆಯಾದವು ಎಂದೇ ಲೆಕ್ಕ.

ಪೆಟ್ಟಿಗೆಗೆ ಮೂರು ಬೀಗ. ಮೂರು ಕೀಲಿ ಮೂವರು ಹೆಂಗಸರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ನಾಲ್ವರೂ ಸೇರದೆ ಪೆಟ್ಟಿಗೆ ತೆರೆಯುವುದಿಲ್ಲ. ಗುಂಪು ಕಟ್ಟಲು ಕಲಿಸಿದ ಸ್ವಯಂಸೇವಕಿಯ ಕೈಗೆ ಒಂದು ಕೀಲಿಯೂ ಇಲ್ಲ! ಮೊದಲ ಕೆಲವು ವಾರ ಅವಳು ಪ್ರತಿ ಸಭೆಗೆ ಬರುತ್ತಾಳೆ, ಆಮೇಲೆ ಅಪರೂಪಕ್ಕೆ, ಕೊನೆಗೆ ಹಂಚಿಕೆಯ ದಿನ ಮಾತ್ರ. ಅವಳು ಬರುವುದನ್ನು ಕಡಿಮೆ ಮಾಡುವುದೇ ಅವಳ ಕೆಲಸದ ಅಂಗ.

ನಮಗೆ ಬಹಳ ಹಿಡಿಸಿದ್ದು ಇನ್ನೊಂದು. ಸಭೆ ಮುಗಿಯುವಾಗ ಪೆಟ್ಟಿಗೆಯ ದುಡ್ಡನ್ನು ಎಲ್ಲರೆದುರು ಎಣಿಸಿ, ಮೊತ್ತವನ್ನು ಗಟ್ಟಿಯಾಗಿ ಹೇಳುತ್ತಾರೆ. ಎಲ್ಲರೂ ಅದನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ವಾರ ಪೆಟ್ಟಿಗೆ ತೆರೆಯುವ ಮುಂಚೆ "ಎಷ್ಟಿತ್ತು?" ಎಂದು ಕೇಳುತ್ತಾರೆ. ಸದಸ್ಯೆಯರು ಹೇಳಿದ ಮೊತ್ತ ಪೆಟ್ಟಿಗೆಯಲ್ಲಿ ಇರಲೇಬೇಕು. ಪುಸ್ತಕ ಬರೆಯುವವಳನ್ನು ನಂಬಿ ಕೂರುವ ಹಾಗಿಲ್ಲ.

ಎಲ್ಲವೂ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಅಲ್ಲಿ ತಿಂಗಳಿಗೆ ನೂರಕ್ಕೆ ಹತ್ತು, ಅದಕ್ಕೂ ಹೆಚ್ಚು ಬಡ್ಡಿ ಇಡುವ ಗುಂಪುಗಳಿವೆ. ಬಡ್ಡಿ ನಮಗೇ ವಾಪಸು ಬರುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಹೆಚ್ಚು ಸಾಲ ತೆಗೆಯುವವಳು ಬಡವಿ, ಹೆಚ್ಚು ಪಾಲು ಇಡುವವಳು ಇದ್ದವಳು. ವರ್ಷದ ಕೊನೆಗೆ ಬಡವಿಯ ಬಡ್ಡಿ ಇದ್ದವಳ ಕೈಗೆ ಹೋಗುತ್ತದೆ. ಈ ವಿಷಯದಲ್ಲಿ ನಮ್ಮ ಸಂಘಗಳ ಕಡಿಮೆ ಬಡ್ಡಿಯೇ ಸರಿ. ವರ್ಷ ವರ್ಷ ಹಂಚಿಬಿಡುವುದರಿಂದ ದೊಡ್ಡ ಬಂಡವಾಳವೂ ಕೂಡುವುದಿಲ್ಲ, ಬ್ಯಾಂಕಿನ ಸಾಲವೂ ಸುಲಭವಲ್ಲ.

ಇನ್ನೊಂದು ರೋಗವೂ ಇದೆ. ಬೇರೆ ಬೇರೆ ಸಂಸ್ಥೆಗಳು ತರಬೇತಿಗೆ ಬಂದವರಿಗೆ ಭತ್ಯೆ ಕೊಟ್ಟು ಅಭ್ಯಾಸ ಮಾಡಿಸಿದ್ದರಿಂದ, ಈಗ ತರಬೇತಿ ಎಂದ ಕೂಡಲೇ "ಎಷ್ಟು ಕೊಡ್ತೀರಿ?" ಎಂದು ಕೇಳುತ್ತಾರೆ. ನಗಬೇಡಿ. ಊಟ ಇರುವ ದಿನ ನಮ್ಮ ಸಭೆಯ ಹಾಜರಿ ಪುಸ್ತಕ ನೋಡಿದರೆ ಸಾಕು.

ಹೊರಟು ಹೋಗುವ ದಿನ

ಎರಡು ವರ್ಷ ಮುಗಿದು ಹೊರಡುವಾಗ ಸ್ವಯಂಸೇವಕಿ ತನ್ನ ಬಕೆಟ್, ಪಾತ್ರೆ, ಸೊಳ್ಳೆಪರದೆಗಳನ್ನು ನೆರೆಯವರಿಗೆ ಹಂಚುತ್ತಾಳೆ. ಊರಿನವರು ಕೋಳಿ ಕೊಡುತ್ತಾರೆ, ಚಿತೆಂಜೆ ಉಡಿಸುತ್ತಾರೆ. ಆದರೆ 2020ರ ಮಾರ್ಚ್‌ನಲ್ಲಿ ಇದು ಯಾವುದೂ ಆಗಲಿಲ್ಲ. ಕೊರೊನಾ ಬಂದಾಗ ಪೀಸ್ ಕೋರ್ ಲೋಕದ ಎಲ್ಲ ಕಡೆಯಿಂದ ತನ್ನ ಸುಮಾರು 7,000 ಸ್ವಯಂಸೇವಕರನ್ನು ಕೆಲವೇ ದಿನಗಳಲ್ಲಿ ವಾಪಸು ಕರೆಸಿಕೊಂಡಿತು. ಮಲಾವಿಯಲ್ಲಿದ್ದವರೂ ಹೊರಟರು. ಅರ್ಧ ಮುಗಿದ ಕೆಲಸ, ಪರೀಕ್ಷೆಗೆ ತಯಾರಾಗುತ್ತಿದ್ದ ಮಕ್ಕಳು, ಹೇಳಿ ಹೋಗಲು ಸಮಯವೂ ಇಲ್ಲ. 1961ರಿಂದ ಆ ತನಕ ಹೀಗೆ ಎಲ್ಲ ದೇಶಗಳಿಂದ ಒಟ್ಟಿಗೇ ಹೊರಟದ್ದು ಇರಲಿಲ್ಲ. ವರ್ಷಗಳ ಮೇಲೆ ನಿಧಾನವಾಗಿ ಮತ್ತೆ ಬರತೊಡಗಿದರು.

ಯೋಚಿಸಿ ನೋಡಿ. ಅಂಥ ದಿನ ಲೈಬ್ರರಿಯ ಬೀಗದ ಕೈ ಸ್ವಯಂಸೇವಕಿಯ ಚೀಲದಲ್ಲಿದ್ದರೆ ಲೈಬ್ರರಿ ಮುಚ್ಚುತ್ತದೆ. ಪಂಪಿನ ಸ್ಪ್ಯಾನರ್ ಸಮಿತಿಯ ಹೆಂಗಸಿನ ಮನೆಯಲ್ಲಿದ್ದರೆ ನೀರು ಬರುತ್ತಲೇ ಇರುತ್ತದೆ. ಪೆಟ್ಟಿಗೆಯ ಮೂರು ಕೀಲಿ ಮೂವರ ಹತ್ತಿರ ಇದ್ದರೆ ಮುಂದಿನ ವಾರವೂ ಜಗಲಿಯಲ್ಲಿ ಸಭೆ ಕೂರಬಹುದು. ಎರಡು ವಾರಕ್ಕೆ ಬಂದು ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಹೋಗುವ ಗುಂಪುಗಳೂ ಆಫ್ರಿಕಾಕ್ಕೆ ಬಹಳ ಬರುತ್ತವೆ. ಅವರ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ ಎಂದು ನಮಗೆ ತೋರುತ್ತದೆ.

ನಮ್ಮ ಹಲವು ಸಂಘಗಳಲ್ಲಿ ಪುಸ್ತಕ ಬರೆಯುವುದು ಈಗಲೂ ಪ್ರೇರಕಿ. ಬ್ಯಾಂಕಿಗೆ ಹೋಗುವುದು ಅವಳ ಜೊತೆಗೆ. ಅವಳಿಗೆ ಮದುವೆಯಾಗಿ ಬೇರೆ ಊರಿಗೆ ಹೋದರೆ ಮೂರು ತಿಂಗಳ ನಡಾವಳಿ ಖಾಲಿ. ಆದ್ದರಿಂದ ಮುಂದಿನ ತಿಂಗಳ ಸಭೆಯಲ್ಲಿ ಮಲಾವಿಯ ಸಹೋದರಿಯರ ಕ್ರಮವನ್ನು ಒಮ್ಮೆ ಮಾಡಿ ನೋಡಿ. ಪುಸ್ತಕ ಮುಚ್ಚಿಡಿ. ಸಂಘದ ಉಳಿತಾಯ ಒಟ್ಟು ಎಷ್ಟು, ಸಾಲ ಹೊರಗೆ ಎಷ್ಟಿದೆ, ಕೈಯಲ್ಲಿ ಎಷ್ಟಿದೆ ಎಂದು ಒಬ್ಬೊಬ್ಬರನ್ನೇ ಕೇಳಿ. ಎಷ್ಟು ಮಂದಿ ಸರಿಯಾಗಿ ಹೇಳಿದರು ಎಂಬುದನ್ನು ನಡಾವಳಿಯಲ್ಲಿ ಬರೆದು ಒಕ್ಕೂಟದ ಸಭೆಗೆ ತನ್ನಿ. ಆ ದಿನ ಪ್ರೇರಕಿಯರು ಬಾಯಿ ಬಿಡಬಾರದು ಎಂದು ನಾವು ಈಗಾಗಲೇ ಹೇಳಿದ್ದೇವೆ.